ಕರ್ನಲ್ ಸಂಖ್ಯೆ ಹೇಳಿದರೆ ಸಿಸ್ಟಂ ಹೆಸರು ಹೇಳಬಹುದೇ?

ನಿಮ್ಮ ಕೈಯಲ್ಲಿರುವುದು ಆಂಡ್ರಾಯ್ಡ್ ಫೋನಾದರೆ ಸೆಟ್ಟಿಂಗ್ಸ್ ತೆರೆದು ‘ಅಬೌಟ್ ಫೋನ್’ ಪುಟಕ್ಕೆ ಹೋಗಿ. ಆಂಡ್ರಾಯ್ಡ್ ಆವೃತ್ತಿ ಎಂಬ ಸಾಲು ಕಾಣುತ್ತದೆ. ಅಲ್ಲೇ ಸ್ವಲ್ಪ ಹುಡುಕಿದರೆ ಕರ್ನಲ್ ಆವೃತ್ತಿ ಎಂಬ ಇನ್ನೊಂದು ಸಾಲೂ ಸಿಗುತ್ತದೆ. ಮೊದಲನೆಯದರಲ್ಲಿ 14 ಎಂದಿದ್ದರೆ ಎರಡನೆಯದು 5.10 ಎಂದು ಶುರುವಾಗಿ, ನಡುವೆ ‘ಆಂಡ್ರಾಯ್ಡ್12’ ಎಂದು ಬರೆದುಕೊಂಡು, ಮುಂದೆ ಅಕ್ಷರ ಅಂಕಿಗಳ ಉದ್ದ ಬಾಲ ಎಳೆದುಕೊಂಡು ಹೋಗುವುದುಂಟು. ಹಾಗಾದರೆ ಈ ಫೋನಿನಲ್ಲಿರುವುದು ಹದಿನಾಲ್ಕೋ, ಹನ್ನೆರಡೋ?

ಎರಡೂ ಸಾಲು ನಿಜವನ್ನೇ ಹೇಳುತ್ತಿವೆ. 5.10 ಎಂಬುದು 2020ರ ಡಿಸೆಂಬರ್‌ನಲ್ಲಿ ಹೊರಬಂದ ಲಿನಕ್ಸ್ ಕರ್ನಲ್. ಗೂಗಲ್ ಅದನ್ನು ಆಂಡ್ರಾಯ್ಡ್ 12ರ ಕಾಲಕ್ಕೆಂದು ಸಿದ್ಧಪಡಿಸಿದ ಕವಲಿಗೆ ‘ಆಂಡ್ರಾಯ್ಡ್12-5.10’ ಎಂದು ಹೆಸರಿಟ್ಟಿತು. ಆ ಕರ್ನಲ್ ಹೊತ್ತು ಅಂಗಡಿಗೆ ಬಂದ ಫೋನು ಮುಂದೆ ಆಂಡ್ರಾಯ್ಡ್ 13, 14 ಎಂದು ಮೇಲೇರಿದರೂ ಸಾಮಾನ್ಯವಾಗಿ ಹಳೆಯ ಕವಲಿನಲ್ಲೇ ಉಳಿಯುತ್ತದೆ. ಭದ್ರತಾ ತೇಪೆಗಳು ಅದೇ ಕರ್ನಲ್ಲಿಗೆ ಬಂದು ಸೇರುತ್ತಿರುತ್ತವೆ. ಮೇಲಿನ ಆಂಡ್ರಾಯ್ಡ್ ಬದಲಾಯಿತು, ಕೆಳಗಿನ ಕರ್ನಲ್ ಬದಲಾಗಲಿಲ್ಲ. ಒಂದೇ ಯಂತ್ರದಲ್ಲಿ ಎರಡು ವಯಸ್ಸು.

ಕರ್ನಲ್ ಸಂಖ್ಯೆಯೊಂದೇ ಕೈಯಲ್ಲಿದ್ದಾಗ, ಅದು ಯಾವ ಆಪರೇಟಿಂಗ್ ಸಿಸ್ಟಂನ ಯಾವ ಬಿಡುಗಡೆ ಎಂದು ಹೇಳಲು ಸಾಧ್ಯವೇ? ಹಿಂದಿದ್ದವರು ಬಿಟ್ಟುಹೋದ ಸರ್ವರ್ ನೋಡಿಕೊಳ್ಳಬೇಕಾದವರು ಇದನ್ನು ಕೇಳುತ್ತಾರೆ. ಭದ್ರತಾ ತಪಾಸಣೆ ಮಾಡುವವರು, ವಶಪಡಿಸಿಕೊಂಡ ಕಂಪ್ಯೂಟರಿನ ಮೆಮೊರಿಯನ್ನು ಶೋಧಿಸುವ ತನಿಖಾ ತಜ್ಞರು, ಹಳೆಯ ಮ್ಯಾಕ್‌ಗೆ ಹೊಂದುವ ತಂತ್ರಾಂಶ ಹುಡುಕುವವರು ಎಲ್ಲರಿಗೂ ಇದು ಬೇಕು. ಉತ್ತರ ಎಷ್ಟು ಖಚಿತವಾಗಿ ಸಿಗುತ್ತದೆ ಎಂಬುದು ಆ ಸಂಖ್ಯೆಯನ್ನು ಕೊಟ್ಟವರು ಯಾರು ಎಂಬುದರ ಮೇಲೆ ನಿಂತಿದೆ.

ಕರ್ನಲ್ ಎಂದರೆ ಯಂತ್ರಾಂಶಕ್ಕೂ ನಾವು ಬಳಸುವ ತಂತ್ರಾಂಶಗಳಿಗೂ ನಡುವೆ ನಿಂತಿರುವ ಭಾಗ. ಯಾವ ಪ್ರೋಗ್ರಾಂಗೆ ಪ್ರೊಸೆಸರ್ ಎಷ್ಟು ಹೊತ್ತು ಸಿಗಬೇಕು, ಮೆಮೊರಿಯ ಯಾವ ತುಣುಕು ಯಾರದು, ಡಿಸ್ಕಿನಲ್ಲಿ ಬರೆಯುವ ಅನುಮತಿ ಯಾರಿಗೆ, ನೆಟ್‌ವರ್ಕ್‌ನಿಂದ ಬಂದ ಪ್ಯಾಕೆಟ್ ಯಾರಿಗೆ ಸೇರಬೇಕು ಎಂಬುದನ್ನೆಲ್ಲ ಅದು ನಿರ್ಧರಿಸುತ್ತದೆ. ಆದರೆ ನಮ್ಮ ಕಣ್ಣಿಗೆ ಬೀಳುವ ಕಿಟಕಿ, ಮೆನು, ಅಕ್ಷರಶೈಲಿ, ಫೈಲ್ ಮ್ಯಾನೇಜರ್ ಯಾವುದೂ ಕರ್ನಲ್ ಅಲ್ಲ. ಅವನ್ನೆಲ್ಲ ಕರ್ನಲ್ ಜೊತೆ ಸೇರಿಸಿ ಕಟ್ಟಿದ ಪೂರ್ಣ ವ್ಯವಸ್ಥೆಗೆ ಒಂದು ಹೆಸರಿಟ್ಟು ಹೊರಬಿಟ್ಟಾಗ ಅದು ಬಿಡುಗಡೆ. ನಮ್ಮ ಕೆಎಸ್‌ಆರ್‌ಟಿಸಿ ಬಸ್ಸಿನ ಮೈಮೇಲೆ ‘ಐರಾವತ’ ಎಂದೋ ‘ರಾಜಹಂಸ’ ಎಂದೋ ಬರೆದಿರುತ್ತದೆ; ಅಡಿಯಲ್ಲಿರುವ ಚಾಸಿಗೆ ಅದರ ತಯಾರಕರು ಕೊಟ್ಟ ಸಂಖ್ಯೆಯೇ ಬೇರೆ. ಕರ್ನಲ್ ಸಂಖ್ಯೆ ಚಾಸಿಯದು, ಬಿಡುಗಡೆಯ ಹೆಸರು ಬಸ್ಸಿನದು. ಎರಡನ್ನೂ ಒಬ್ಬರೇ ಮಾಡಿದ್ದರೆ ಒಂದರಿಂದ ಇನ್ನೊಂದನ್ನು ಹೇಳಬಹುದು. ಒಬ್ಬರ ಚಾಸಿಯ ಮೇಲೆ ಹತ್ತಾರು ಕಡೆ ಬಸ್ಸು ಕಟ್ಟಿದರೆ ಸಂಖ್ಯೆಯಿಂದ ಹೆಸರಿಗೆ ಹೋಗುವ ದಾರಿ ಕವಲೊಡೆಯುತ್ತದೆ.

ಯುನಿಕ್ಸ್ ವಂಶದ ಎಲ್ಲ ಸಿಸ್ಟಂಗಳಲ್ಲೂ ‘ಯುನೇಮ್’ ಎಂಬ ಕಮಾಂಡ್ ಇದೆ. ಟರ್ಮಿನಲ್‌ನಲ್ಲಿ ಅದನ್ನು ಕೊಟ್ಟರೆ ಕರ್ನಲ್ ತನ್ನ ಪರಿಚಯ ಹೇಳಿಕೊಳ್ಳುತ್ತದೆ. 1988ರ ಪಾಸಿಕ್ಸ್ ಮಾನಕದ ಪ್ರಕಾರ ಈ ಪರಿಚಯದಲ್ಲಿ ಐದು ಅಂಕಣಗಳು: ಸಿಸ್ಟಂನ ಹೆಸರು, ಜಾಲದಲ್ಲಿ ಈ ಯಂತ್ರದ ಹೆಸರು, ಬಿಡುಗಡೆ, ಆವೃತ್ತಿ, ಯಂತ್ರಾಂಶದ ಬಗೆ. ಇವುಗಳಲ್ಲಿ ‘ಉಬುಂಟು’, ‘ಡೆಬಿಯನ್’ ಮುಂತಾದ ಲಿನಕ್ಸ್ ವ್ಯವಸ್ಥೆಗಳ ಹೆಸರಿಗೆಂದೇ ಒಂದು ಜಾಗ ಇಲ್ಲ. ಆ ಕಾಲದಲ್ಲಿ ಯುನಿಕ್ಸ್ ಮಾರುತ್ತಿದ್ದ ಕಂಪನಿಗಳು ಕರ್ನಲ್ಲಿನಿಂದ ಹಿಡಿದು ಕಟ್ಟಕಡೆಯ ಕಮಾಂಡ್‌ವರೆಗೆ ಎಲ್ಲವನ್ನೂ ಒಂದೇ ಗಂಟಾಗಿ ಕೊಡುತ್ತಿದ್ದವು. ಕರ್ನಲ್ ಒಬ್ಬರದು, ಉಳಿದದ್ದು ಇನ್ನೊಬ್ಬರದು ಎಂಬ ಏರ್ಪಾಡಿಗೆ ಅಂಕಣ ಇಡುವ ಅಗತ್ಯ ಕಾಣಿಸಿರಲಿಲ್ಲ. ಇಂದಿನ ಗೊಂದಲದ ಬೇರು ಈ ಐದು ಅಂಕಣಗಳಲ್ಲಿದೆ.

ಸನ್ ಕಂಪನಿಯ ಉದಾಹರಣೆ ನೋಡಿ. ಅದರ ಯಂತ್ರದಲ್ಲಿ ಯುನೇಮ್ ‘ಸನ್‌ಒಎಸ್ 5.6’ ಎಂದರೆ ಮಾರುಕಟ್ಟೆಯ ಹೆಸರು ಸೊಲಾರಿಸ್ 2.6. ಮುಂದಿನ 5.7 ಬಂದಾಗ ಮಾತ್ರ 2.7 ಎನ್ನದೆ ಸೊಲಾರಿಸ್ 7 ಎಂದರು. 5.11 ಎಂದರೆ ಸೊಲಾರಿಸ್ 11. ಒಂದು ಸಲ ತಿಳಿದುಕೊಂಡರೆ ಸಾಕು, ಮತ್ತೆ ತಪ್ಪುವುದಿಲ್ಲ.

ಆ್ಯಪಲ್‌ನಲ್ಲಿ ಈ ಲೆಕ್ಕ ಇನ್ನೂ ಸೊಗಸಾಗಿದೆ. ಮ್ಯಾಕ್‌ನ ಕರ್ನಲ್ಲಿಗೆ ಎಕ್ಸ್‌ಎನ್‌ಯು ಎಂದು ಹೆಸರು. ಅದನ್ನೂ ಕೆಳಪದರದ ಇತರ ಭಾಗಗಳನ್ನೂ ಸೇರಿಸಿ ಡಾರ್ವಿನ್ ಎನ್ನುತ್ತಾರೆ. ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಮಾಕ್ ಎಂಬ ಕರ್ನಲ್ಲಿಗೆ ಬರ್ಕ್‌ಲಿಯ ಬಿಎಸ್‌ಡಿ ಯುನಿಕ್ಸ್‌ನ ಭಾಗಗಳನ್ನು ಬೆಸೆದು ಸ್ಟೀವ್ ಜಾಬ್ಸ್ ಅವರ ನೆಕ್ಸ್ಟ್ ಕಂಪನಿ ಕಟ್ಟಿದ ಸಿಸ್ಟಂ ಇದರ ಪೂರ್ವಜ. 1996ರ ಡಿಸೆಂಬರ್‌ನಲ್ಲಿ ಆ್ಯಪಲ್ ನೆಕ್ಸ್ಟ್ ಕಂಪನಿಯನ್ನು ಕೊಳ್ಳುವುದಾಗಿ ಘೋಷಿಸಿತು. 2001ರ ಮಾರ್ಚ್‌ನಲ್ಲಿ ಮ್ಯಾಕ್ ಒಎಸ್ ಎಕ್ಸ್ 10.0 ಹೊರಬಂದಾಗ ಅದರೊಳಗಿದ್ದುದು ಡಾರ್ವಿನ್ 1.3.1. ಅದೇ ವರ್ಷ 10.1 ಬಂತು, ಅದರ ಡಾರ್ವಿನ್ 1.4.1. ಆಮೇಲೆ 10.1.1 ಎಂಬ ಸಣ್ಣ ಪರಿಷ್ಕರಣೆಯಲ್ಲಿ ಡಾರ್ವಿನ್ ಸಂಖ್ಯೆ ಒಮ್ಮೆಲೇ 5.1ಕ್ಕೆ ಹಾರಿತು.

ಈ ಹಾರಿಕೆಗೆ ಕಾರಣವಿತ್ತು. ಆ್ಯಪಲ್ ತನ್ನ ಪ್ರತಿಯೊಂದು ಬಿಡುಗಡೆಗೂ ಒಂದು ಬಿಲ್ಡ್ ಸಂಖ್ಯೆ ಕೊಡುತ್ತದೆ. ಆ ಪದ್ಧತಿ ನೆಕ್ಸ್ಟ್‌ನಿಂದ ಬಂದದ್ದು. 10.0ರ ಬಿಲ್ಡ್‌ಗಳು 4 ಎಂಬ ಅಂಕಿಯಿಂದ, 10.1ರವು 5ರಿಂದ ಆರಂಭವಾಗುತ್ತಿದ್ದವು. ಡಾರ್ವಿನ್ ಸಂಖ್ಯೆಯನ್ನು ಈ ಸರಣಿಗೆ ಕಟ್ಟಿಹಾಕಿದ ಮೇಲೆ ಮುಂದಿನ ಹದಿನೆಂಟು ವರ್ಷ ಒಂದು ಸರಳ ಸೂತ್ರ ನಡೆಯಿತು: ಡಾರ್ವಿನ್‌ನ ಮೊದಲ ಅಂಕಿಯಿಂದ ನಾಲ್ಕು ಕಳೆದರೆ 10ರ ಮುಂದಿನ ಅಂಕಿ ಸಿಗುತ್ತದೆ. ಡಾರ್ವಿನ್ 8 ಎಂದರೆ 10.4, ಅಂದರೆ ಟೈಗರ್. 9 ಎಂದರೆ ಲೆಪರ್ಡ್, 10 ಎಂದರೆ ಸ್ನೋ ಲೆಪರ್ಡ್, 11 ಎಂದರೆ ಲಯನ್. ದೊಡ್ಡ ಬೆಕ್ಕುಗಳ ಹೆಸರು ಮುಗಿದು 2013ರಲ್ಲಿ ಕ್ಯಾಲಿಫೋರ್ನಿಯಾದ ಸ್ಥಳನಾಮಗಳು ಶುರುವಾದಾಗಲೂ ಸೂತ್ರ ಕದಲಲಿಲ್ಲ. ಡಾರ್ವಿನ್ 13 ಮ್ಯಾವರಿಕ್ಸ್, 14 ಯೊಸೆಮಿಟಿ, ಹೀಗೆ ಸಾಗಿ 19 ಎಂದರೆ 10.15, ಕ್ಯಾಟಲಿನಾ.

ಇಲ್ಲಿ ಕಾಲು ಜಾರುವ ಜಾಗವೊಂದಿದೆ. ಸ್ನೋ ಲೆಪರ್ಡ್‌ನ ಕೊನೆಯ ಪರಿಷ್ಕರಣೆ 10.6.8. ಆ ಮ್ಯಾಕ್‌ನಲ್ಲಿ ಯುನೇಮ್ ಕೇಳಿದರೆ ಬರುವ ಉತ್ತರ 10.8.0. ಇದನ್ನು ಸಿಸ್ಟಂನ ಆವೃತ್ತಿಯೆಂದೇ ಓದಿಕೊಂಡರೆ ಅದು ಮೌಂಟನ್ ಲಯನ್ ಆಗಿಬಿಡುತ್ತದೆ, ಏಕೆಂದರೆ ಮೌಂಟನ್ ಲಯನ್‌ನ ಸಂಖ್ಯೆ 10.8. ನಿಜವಾದ ಮೌಂಟನ್ ಲಯನ್‌ನಲ್ಲಿ ಯುನೇಮ್ ಕೊಡುವ ಮೊದಲ ಅಂಕಿ 12. ಎರಡು ಸರಣಿಗಳ ಅಂಕಿಗಳು ಒಂದೇ ರೂಪದಲ್ಲಿ ಎದುರಾಗುವ ಇಂಥ ಜಾಗದಲ್ಲಿ ಓದುಗರು ಎಚ್ಚರವಾಗಿರಬೇಕು.

2020ರಲ್ಲಿ ಆ್ಯಪಲ್ ಹತ್ತನ್ನು ಬಿಟ್ಟು 11ಕ್ಕೆ ಬಂತು. ಬಿಗ್ ಸರ್ ಎಂದರೆ ಮ್ಯಾಕ್‌ಒಎಸ್ 11, ಡಾರ್ವಿನ್ 20. ಅಲ್ಲಿಂದ ಒಂಬತ್ತು ಕಳೆಯಬೇಕಾಯಿತು: 21 ಎಂದರೆ 12, ಮಾಂಟೆರೇ, 22 ವೆಂಚುರಾ, 23 ಸೊನೋಮಾ, 24 ಎಂದರೆ 15, ಸಿಕೋಯಾ. 2025ರಲ್ಲಿ ತನ್ನ ಎಲ್ಲ ಸಾಧನಗಳ ಸಿಸ್ಟಂಗಳಿಗೂ ವರ್ಷವನ್ನು ಆಧರಿಸಿದ ಒಂದೇ ಸಂಖ್ಯೆ ಇರಲಿ ಎಂದು ಆ್ಯಪಲ್ 16ರಿಂದ 25ರವರೆಗಿನ ಅಂಕಿಗಳನ್ನೆಲ್ಲ ದಾಟಿ 26ಕ್ಕೆ ಹೋಯಿತು. ತಾಹೋ ಎಂಬ ಆ ಬಿಡುಗಡೆಯ ಡಾರ್ವಿನ್ 25. ಈಗ ಕಳೆಯುವ ಬದಲು ಒಂದು ಕೂಡಿಸಬೇಕು. ಮಾರುಕಟ್ಟೆಯ ಸಂಖ್ಯೆ ಎರಡು ಸಲ ದಿಕ್ಕು ಬದಲಿಸಿದರೂ ಡಾರ್ವಿನ್ 5ರಿಂದ 25ರವರೆಗೆ ಒಂದೊಂದೇ ಮೆಟ್ಟಿಲು ಹತ್ತುತ್ತಾ ಬಂದಿದೆ. ತಂತ್ರಾಂಶ ಕಟ್ಟುವವರಿಗೆ ಡಾರ್ವಿನ್ ಹೆಚ್ಚು ಪ್ರಿಯವಾಗಿರುವುದು ಇದಕ್ಕೇ. ‘ಆ್ಯಪಲ್-ಡಾರ್ವಿನ್19’ ಎಂದು ಹಣೆಪಟ್ಟಿ ಹೊತ್ತ ಪ್ಯಾಕೇಜ್ ಕಂಡರೆ ಅದು ಕ್ಯಾಟಲಿನಾ ಕಾಲದ್ದೆಂದು ತಿಳಿಯುತ್ತದೆ. ಅದೇ ಬಿಗ್ ಸರ್ ತನ್ನನ್ನು ಹಳೆಯ ಪ್ರೋಗ್ರಾಂಗಳ ಮುಂದೆ 11 ಎಂದು ಹೇಳಿಕೊಳ್ಳದೆ 10.16 ಎನ್ನುತ್ತಿತ್ತು. ಸಿಸ್ಟಂ ಸಂಖ್ಯೆ 10ರಿಂದಲೇ ಆರಂಭವಾಗುತ್ತದೆಂದು ನಂಬಿ ಬರೆದ ಪ್ರೋಗ್ರಾಂಗಳು ಕೆಟ್ಟು ನಿಲ್ಲಬಾರದು ಎಂಬುದು ಅದರ ಉದ್ದೇಶ.

ಐಫೋನಿನಲ್ಲೂ ಇರುವುದು ಡಾರ್ವಿನ್ನೇ. ಡಾರ್ವಿನ್ 20 ಎಂದರೆ ಬಿಗ್ ಸರ್ ಆಗಿರಬಹುದು, ಐಒಎಸ್ 14 ಕೂಡ ಆಗಿರಬಹುದು. ಯುನೇಮ್‌ನ ಐದನೆಯ ಅಂಕಣ, ಯಂತ್ರಾಂಶದ ಬಗೆ, ನೋಡದೆ ತೀರ್ಪು ಕೊಡುವಂತಿಲ್ಲ.

ಮೈಕ್ರೋಸಾಫ್ಟ್‌ನಲ್ಲಿ ಹಳೆಯ ಪ್ರೋಗ್ರಾಂಗಳ ಮೇಲಿನ ಕಾಳಜಿ ಇನ್ನೂ ಮುಂದೆ ಹೋಗಿದೆ. 1993ರ ವಿಂಡೋಸ್ ಎನ್‌ಟಿ 3.1ರಿಂದ ಬಂದ ಸರಣಿಯಲ್ಲಿ ವಿಂಡೋಸ್ 2000 ಎಂದರೆ ಎನ್‌ಟಿ 5.0, ಎಕ್ಸ್‌ಪಿ 5.1, ವಿಸ್ತಾ 6.0. ಮುಂದಿನದಕ್ಕೆ ‘ವಿಂಡೋಸ್ 7’ ಎಂದು ಹೆಸರಿಟ್ಟರೂ ಒಳಗಿನ ಸಂಖ್ಯೆ 6.1ರಲ್ಲೇ ಉಳಿಯಿತು. ವಿಸ್ತಾ ಬಂದಾಗ ಮೊದಲ ಅಂಕಿ 5ರಿಂದ 6ಕ್ಕೆ ಏರಿದ್ದರಿಂದ ಎಷ್ಟೋ ಪ್ರೋಗ್ರಾಂಗಳು ‘ಈ ಸಿಸ್ಟಂ ನನಗೆ ಗೊತ್ತಿಲ್ಲ’ ಎಂದು ನಿಂತುಬಿಟ್ಟಿದ್ದವು. ಅದು ಮತ್ತೆ ಆಗಬಾರದೆಂದು ಮೊದಲ ಅಂಕಿಯನ್ನು ಮುಟ್ಟಲಿಲ್ಲ. ವಿಂಡೋಸ್ 8 ಎಂದರೆ 6.2, 8.1 ಎಂದರೆ 6.3. 8.1ರಲ್ಲಿ ಇನ್ನೊಂದು ಏರ್ಪಾಡು ಬಂತು: ‘ನನಗೆ 8.1 ಗೊತ್ತು’ ಎಂದು ತನ್ನ ಕಡತದಲ್ಲಿ ಸ್ಪಷ್ಟವಾಗಿ ಬರೆದುಕೊಂಡಿರದ ಪ್ರೋಗ್ರಾಂ ಆವೃತ್ತಿ ಕೇಳಿದರೆ 6.2 ಎಂಬ ಉತ್ತರವೇ ಸಿಗುತ್ತದೆ. ಕೇಳುವವರನ್ನು ನೋಡಿ ಉತ್ತರ ಕೊಡುವ ಪದ್ಧತಿ ಇದು.

2015ರಲ್ಲಿ ವಿಂಡೋಸ್ 10 ಬಂದಾಗ ಒಳಸಂಖ್ಯೆ 10.0 ಆಗಿ, ಹೊರಗೂ ಒಳಗೂ ಹೊಂದಿಕೆಯಾಯಿತು. ಆದರೆ 2021ರ ವಿಂಡೋಸ್ 11 ಕೂಡ 10.0 ಎಂದೇ ಹೇಳಿಕೊಳ್ಳುತ್ತದೆ. ವ್ಯತ್ಯಾಸ ಇರುವುದು ಕೊನೆಯ ಬಿಲ್ಡ್ ಸಂಖ್ಯೆಯಲ್ಲಿ: ಮನೆ, ಕಚೇರಿಯ ಕಂಪ್ಯೂಟರುಗಳಲ್ಲಿ 22000 ಮತ್ತು ಅದಕ್ಕಿಂತ ಮೇಲಿದ್ದರೆ ಹನ್ನೊಂದು, ಕೆಳಗಿದ್ದರೆ ಹತ್ತು. ಅಲ್ಲೂ ಒಂದೇ ಬಿಲ್ಡ್‌ಗೆ ಎರಡು ಹೆಸರಿರುತ್ತದೆ. 26100 ಎಂಬುದು ವಿಂಡೋಸ್ 11ರ 24ಎಚ್2 ಆವೃತ್ತಿಯೂ ಹೌದು, ವಿಂಡೋಸ್ ಸರ್ವರ್ 2025 ಕೂಡ ಹೌದು. ಬ್ರೌಸರುಗಳು ಜಾಲತಾಣಗಳಿಗೆ ಕಳಿಸುವ ಗುರುತಿನ ಸಾಲಿನಲ್ಲಂತೂ ಬಿಲ್ಡ್ ಸಂಖ್ಯೆಯೇ ಇಲ್ಲ. ಹತ್ತಾಗಲಿ ಹನ್ನೊಂದಾಗಲಿ ಆ ಸಾಲು ‘ವಿಂಡೋಸ್ ಎನ್‌ಟಿ 10.0’ ಎನ್ನುತ್ತದೆ. ಹೊಸ ಮ್ಯಾಕ್‌ಗಳು ಅದೇ ಸಾಲಿನಲ್ಲಿ ಈಗಲೂ 10.15.7 ಎಂದು ಹೇಳುತ್ತವೆ. ಆ ಸಾಲನ್ನೇ ನಂಬಿ ‘ನಮ್ಮ ಓದುಗರಲ್ಲಿ ಕ್ಯಾಟಲಿನಾ ಬಳಸುವವರು ಹೆಚ್ಚು’ ಎಂದು ಲೆಕ್ಕ ಹಾಕಿದರೆ ತಪ್ಪಾಗುತ್ತದೆ.

ಇನ್ನು ಲಿನಕ್ಸ್. ಈ ಪ್ರಶ್ನೆಯ ನಿಜವಾದ ಕಷ್ಟವೂ ಸ್ವಾರಸ್ಯವೂ ಇಲ್ಲಿದೆ.

1991ರಲ್ಲಿ ಲಿನಸ್ ಟೊರ್ವಾಲ್ಡ್ಸ್ ಆರಂಭಿಸಿದ್ದು ಕರ್ನಲ್ ಮಾತ್ರ. ಅದರ ಮೇಲೆ ಪೂರ್ಣ ಸಿಸ್ಟಂ ಕಟ್ಟಿ ಹಂಚುವವರು ಬೇರೆ. ಇಯಾನ್ ಮರ್ಡಾಕ್ 1993ರ ಆಗಸ್ಟ್‌ನಲ್ಲಿ ಡೆಬಿಯನ್ ಹುಟ್ಟುಹಾಕಿದರು. ಡೆಬಿಯನ್‌ನ ಬಿಡುಗಡೆಗಳಿಗೆ ‘ಟಾಯ್ ಸ್ಟೋರಿ’ ಚಿತ್ರದ ಗೊಂಬೆಗಳ ಹೆಸರು. ಆಗ ಯೋಜನೆಯ ನಾಯಕರಾಗಿದ್ದ ಬ್ರೂಸ್ ಪೆರೆನ್ಸ್ ಆ ಚಿತ್ರ ತಯಾರಿಸಿದ ಪಿಕ್ಸಾರ್‌ನಲ್ಲಿ ಉದ್ಯೋಗಿ. ಇನ್ನೂ ಸಿದ್ಧವಾಗಿರದ ಆವೃತ್ತಿಯನ್ನು ಸಿಡಿ ಮಾರಾಟಗಾರರೊಬ್ಬರು ‘ಡೆಬಿಯನ್ 1.0’ ಎಂದು ಅಚ್ಚು ಹಾಕಿ ಮಾರಿಬಿಟ್ಟ ಕಾರಣ, 1.0 ಎಂಬ ಅಧಿಕೃತ ಬಿಡುಗಡೆಯೇ ಆಗಲಿಲ್ಲ. 1996ರಲ್ಲಿ ಬಂದ 1.1ಕ್ಕೆ ‘ಬಝ್’ ಎಂದು ಹೆಸರಿತ್ತು. ಸದಾ ಅಭಿವೃದ್ಧಿಯಲ್ಲೇ ಇರುವ, ಎಂದೂ ಬಿಡುಗಡೆಯಾಗದ ಕವಲಿಗೆ ಆ ಚಿತ್ರದಲ್ಲಿ ಗೊಂಬೆಗಳನ್ನು ಮುರಿಯುವ ಹುಡುಗ ‘ಸಿಡ್’ನ ಹೆಸರು. 2004ರಲ್ಲಿ ಶುರುವಾದ ಉಬುಂಟು ಪ್ರಾಣಿಗಳ ಹೆಸರು ಹಿಡಿಯಿತು: ಲೂಸಿಡ್ ಲಿಂಕ್ಸ್, ಬಯಾನಿಕ್ ಬೀವರ್, ಫೋಕಲ್ ಫೋಸಾ. ನಮ್ಮ ದೇಶದ ಸಿ-ಡ್ಯಾಕ್ ಕಟ್ಟುವ ಬಾಸ್ ಲಿನಕ್ಸ್ ‘ಅನೋಖಾ’, ‘ಅನೂಪ್’, ‘ಉನ್ನತಿ’ ಮುಂತಾದ ಹೆಸರುಗಳನ್ನು ಬಳಸಿದೆ. ಅದರ ಅಡಿಪಾಯ ಡೆಬಿಯನ್.

ಈ ಎಲ್ಲರೂ ಟೊರ್ವಾಲ್ಡ್ಸ್ ಬಳಗದ ಕರ್ನಲ್ಲಿನಲ್ಲಿ ತಮಗೆ ಒಪ್ಪುವ ಒಂದು ಸಂಖ್ಯೆಯನ್ನು ಆರಿಸಿಕೊಂಡು ಕೆಲಸ ಶುರುಮಾಡುತ್ತಾರೆ. ಒಂದೇ ಸಂಖ್ಯೆ ಹಲವರಿಗೆ ಒಪ್ಪುವುದು ಸಹಜ. 2.6.32 ಎಂಬ ಕರ್ನಲ್ಲನ್ನು ನೋಡಿ. ಡೆಬಿಯನ್ 6 ‘ಸ್ಕ್ವೀಝ್’ನಲ್ಲಿ ಇದ್ದುದು ಅದೇ. ಉಬುಂಟು 10.04 ‘ಲೂಸಿಡ್ ಲಿಂಕ್ಸ್’ನಲ್ಲೂ ಅದೇ, ರೆಡ್ ಹ್ಯಾಟ್ ಎಂಟರ್‌ಪ್ರೈಸ್ ಲಿನಕ್ಸ್ 6ರಲ್ಲೂ ಅದೇ. ಮುಂದೆ 3.2 ಕರ್ನಲ್ ಡೆಬಿಯನ್ 7ರಲ್ಲೂ ಉಬುಂಟು 12.04ರಲ್ಲೂ ಬಂತು. ಇತ್ತೀಚಿನ 6.12 ಡೆಬಿಯನ್ 13 ‘ಟ್ರಿಕ್ಸಿ’ಯಲ್ಲಿದೆ, ರೆಡ್ ಹ್ಯಾಟ್ 10ರಲ್ಲೂ ಇದೆ. ಬರಿಯ 2.6.32 ಎಂಬ ಅಂಕಿಗಳನ್ನು ಮುಂದಿಟ್ಟು ಬಿಡುಗಡೆಯ ಹೆಸರು ಹೇಳಿ ಎಂದರೆ ಯಾರಿಂದಲೂ ಆಗದು.

ಆದರೆ ಲಿನಕ್ಸ್ ಕರ್ನಲ್ ಹೇಳುವುದು ಅಷ್ಟನ್ನೇ ಅಲ್ಲ. ಅದನ್ನು ಕಟ್ಟಿದವರು ತಮ್ಮ ಗುರುತನ್ನು ಆ ಸಾಲಿನ ಬಾಲದಲ್ಲಿ ಬಿಟ್ಟುಹೋಗಿರುತ್ತಾರೆ. ‘5.4.0-42-ಜೆನೆರಿಕ್’ ಎಂಬ ಉಬುಂಟು ಕರ್ನಲ್ಲಿನ ಪೂರ್ತಿ ಪರಿಚಯದ ಸಾಲು ತೆಗೆದು ನೋಡೋಣ. ಮೊದಲಿಗೆ 5.4, ಇದು ಮೂಲ ಕರ್ನಲ್. ನಂತರದ 42, ಕರ್ನಲ್ಲಿಗೂ ಅದರ ಚಾಲಕ ಮಾಡ್ಯೂಲ್‌ಗಳಿಗೂ ನಡುವಣ ಒಪ್ಪಂದ ಬದಲಾದಾಗಲೆಲ್ಲ ಉಬುಂಟುವಿನವರು ಏರಿಸುವ ಅಂಕಿ. ‘ಜೆನೆರಿಕ್’ ಎಂದರೆ ಸಾಮಾನ್ಯ ಬಳಕೆಯ ಬಗೆ. ಆಮೇಲೆ ಆವರಣದಲ್ಲಿ, ಕಟ್ಟಿದ ಯಂತ್ರದ ಹೆಸರು ಮತ್ತು ಕಟ್ಟಲು ಬಳಸಿದ ಕಂಪೈಲರ್: ಜಿಸಿಸಿ 9.3.0, ಉಬುಂಟು ಮುದ್ರೆಯೊಂದಿಗೆ. ಕೊನೆಗೆ ‘#46-ಉಬುಂಟು’, ಒಂದಕ್ಕಿಂತ ಹೆಚ್ಚು ಪ್ರೊಸೆಸರ್‌ಗಳನ್ನು ನಿಭಾಯಿಸಬಲ್ಲುದೆಂಬ ಸೂಚನೆ, ಮತ್ತು ಕಟ್ಟಿದ ದಿನ, 2020ರ ಜುಲೈ 10, ಶುಕ್ರವಾರ. 5.4 ಕರ್ನಲ್ ಹೊತ್ತು ಬಂದ ಉಬುಂಟು 20.04, ಅಂದರೆ ಫೋಕಲ್ ಫೋಸಾ. ಆ ಬಿಡುಗಡೆಯ ಕಂಪೈಲರ್ ಜಿಸಿಸಿ 9. ಸಾಲಿನ ಎಲ್ಲ ಭಾಗಗಳೂ ಒಂದೇ ಹೆಸರಿನತ್ತ ಬೆರಳು ತೋರುತ್ತಿವೆ.

ಈಗ ಇದರ ಜೋಡಿಯನ್ನು ನೋಡಿ. ಅದೇ ದಿನ ಕಟ್ಟಿದ ಇನ್ನೊಂದು ಕರ್ನಲ್ ಕೂಡ ‘5.4.0-42-ಜೆನೆರಿಕ್’. ಯುನೇಮ್‌ನ ಬಿಡುಗಡೆ ಅಂಕಣದಲ್ಲಿ ಒಂದಕ್ಷರವೂ ವ್ಯತ್ಯಾಸವಿಲ್ಲ. ಆದರೆ ಆವೃತ್ತಿ ಅಂಕಣದಲ್ಲಿ ‘#46~18.04.1-ಉಬುಂಟು’ ಎಂದಿದೆ, ಕಂಪೈಲರ್ ಜಿಸಿಸಿ 7.5.0. ಇದು ಓಡುವುದು ಎರಡು ವರ್ಷ ಹಳೆಯ ಬಯಾನಿಕ್ ಬೀವರ್‌ನಲ್ಲಿ. ದೀರ್ಘಾವಧಿ ಬೆಂಬಲದ ಹಳೆಯ ಬಿಡುಗಡೆಯನ್ನು ಹೊಸ ಲ್ಯಾಪ್‌ಟಾಪಿಗೆ ಹಾಕಿದರೆ ಅದರ ವೈಫೈ, ಗ್ರಾಫಿಕ್ಸ್ ಚಿಪ್‌ಗಳನ್ನು ಹಳೆಯ ಕರ್ನಲ್ ಗುರುತಿಸದೆ ಹೋಗಬಹುದು. ಅದಕ್ಕೆಂದು ಉಬುಂಟು ಹೊಸ ಬಿಡುಗಡೆಯ ಕರ್ನಲ್ಲನ್ನು ಹಳೆಯದಕ್ಕೂ ಮರುಕಟ್ಟಿ ಕೊಡುತ್ತದೆ. ಹೀಗೆ 4.15 ಬಯಾನಿಕ್‌ನದ್ದೂ ಹೌದು, 16.04 ಝೀನಿಯಲ್‌ನದ್ದೂ ಹೌದು. 5.15 ಉಬುಂಟುವಿನ ‘ಜಾಮಿ’ ಬಿಡುಗಡೆಯದೂ ಹೌದು, ಫೋಕಲ್‌ನದ್ದೂ ಹೌದು. ಬಿಡುಗಡೆ ಅಂಕಣವೊಂದನ್ನೇ ಓದಿ ನಿಲ್ಲಿಸಿದವರಿಗೆ ಇದು ಕಾಣುವುದಿಲ್ಲ. ಯುನೇಮ್‌ನ ಐದೂ ಅಂಕಣ ಓದುವ ಅಭ್ಯಾಸ ಇರಲಿ ಎಂದು ನಾನು ಒತ್ತಿ ಹೇಳುವುದು ಇದಕ್ಕೇ.

ರೆಡ್ ಹ್ಯಾಟ್‌ನ ಪದ್ಧತಿ ಬೇರೆ. ಅಲ್ಲಿ ಸಂಖ್ಯೆ ಕದಲುವುದೇ ಇಲ್ಲ. 2014ರ ರೆಡ್ ಹ್ಯಾಟ್ 7ರಲ್ಲಿ 3.10 ಕರ್ನಲ್ ಬಂತು. ಹತ್ತು ವರ್ಷ ಕಳೆದರೂ ಅದು 3.10.0 ಆಗಿಯೇ ಇತ್ತು. ಬದಲಾಗುತ್ತಿದ್ದದ್ದು ಅದರ ಮುಂದಿನ ಅಂಕಿ: 123 ಎಂದರೆ 7.0, 327 ಎಂದರೆ 7.2, 957 ಎಂದರೆ 7.6, 1160 ಎಂದರೆ 7.9. ಕೊನೆಯಲ್ಲಿ ‘ಇಎಲ್7’ ಎಂಬ ಮುದ್ರೆ. ‘3.10.0-1160.ಇಎಲ್7’ ಎಂದು ಕಂಡರೆ ಏಳರ ಒಂಬತ್ತನೆಯ ಪರಿಷ್ಕರಣೆ ಎಂದು ಧೈರ್ಯವಾಗಿ ಹೇಳಬಹುದು. ಆದರೆ ರೆಡ್ ಹ್ಯಾಟೋ, ಅದರದೇ ಮೂಲದಿಂದ ಮರುಕಟ್ಟಿದ ಸೆಂಟ್‌ಒಎಸ್ಸೋ ಎಂದು ತಿಳಿಯಬೇಕಾದರೆ ಮತ್ತೆ ಆ ಉದ್ದ ಸಾಲಿನಲ್ಲಿ ಕಟ್ಟಿದ ಯಂತ್ರದ ವಿಳಾಸ ಹುಡುಕಬೇಕು. ಒರಾಕಲ್ ತನ್ನದೇ ಕರ್ನಲ್ಲಿಗೆ ‘ಯುಇಕೆ’ ಎಂದು, ಅಮೆಜಾನ್ ‘ಎಎಮ್‌ಝಡ್‌ಎನ್2’ ಎಂದು ಮುದ್ರೆ ಒತ್ತುತ್ತವೆ. ವಿಂಡೋಸ್‌ನೊಳಗೆ ಓಡುವ ಲಿನಕ್ಸ್‌ನ ಬಾಲದಲ್ಲಿ ‘ಮೈಕ್ರೋಸಾಫ್ಟ್’ ಎಂದೇ ಬರೆದಿರುತ್ತದೆ.

ಸಂಖ್ಯೆ ಕದಲದೆ ಒಳಗಿನ ಕೋಡ್ ಬದಲಾಗುತ್ತಾ ಹೋಗುವುದರಿಂದ ಭದ್ರತೆಯ ಲೆಕ್ಕ ತಪ್ಪುವುದು ಸುಲಭ. 2022ರಲ್ಲಿ ‘ಡರ್ಟಿ ಪೈಪ್’ ಎಂಬ ದೋಷ ಬಯಲಾಯಿತು. ಓದಲು ಮಾತ್ರ ಅನುಮತಿ ಇರುವ ಕಡತದ ಮೇಲೂ ಸಾಮಾನ್ಯ ಬಳಕೆದಾರರು ಬರೆಯಲು ದಾರಿ ಮಾಡಿಕೊಡುತ್ತಿದ್ದ ದೋಷ ಅದು. ಶುರುವಾದದ್ದು 5.8 ಕರ್ನಲ್ಲಿನಲ್ಲಿ, ಮೂಲ ಬಳಗ ಅದನ್ನು ಸರಿಪಡಿಸಿದ್ದು 5.16.11, 5.15.25 ಮತ್ತು 5.10.102ರಲ್ಲಿ. ಈ ಪಟ್ಟಿ ಹಿಡಿದು ಡೆಬಿಯನ್ 11 ಸರ್ವರ್ ನೋಡುವವರಿಗೆ 5.10.92 ಎಂದು ಕಂಡರೆ ಗಾಬರಿಯಾಗುತ್ತದೆ. ಆದರೆ ಡೆಬಿಯನ್ ಆ ತೇಪೆಯನ್ನು ತನ್ನ 5.10.92-2ರಲ್ಲೇ ಹಾಕಿತ್ತು. ಕೊನೆಯ ಆ ‘-2’ ಯಂತ್ರ ಸುರಕ್ಷಿತ ಎನ್ನುತ್ತಿದೆ. ಅದು ಬಿಡುಗಡೆ ಅಂಕಣದಲ್ಲಿ ಸಿಗುವುದೂ ಇಲ್ಲ, ಅಲ್ಲಿ 5.10.0 ಎಂದಷ್ಟೇ ಇರುತ್ತದೆ, ಪೂರ್ತಿ ಸಂಖ್ಯೆ ಆವೃತ್ತಿ ಅಂಕಣದಲ್ಲಿರುತ್ತದೆ. ಕರ್ನಲ್ ಸಂಖ್ಯೆಯನ್ನಷ್ಟೇ ಹೋಲಿಸಿ ‘ಅಪಾಯ’ ಎಂದು ಕೆಂಪು ಗುರುತು ಹಾಕುವ ತಪಾಸಣಾ ವರದಿಗಳಿಗೆ ನಾನು ಬೆಲೆ ಕೊಡುವುದಿಲ್ಲ. ಯಾವ ಬಿಡುಗಡೆ ಎಂದು ಮೊದಲು ತಿಳಿದು, ಆ ಬಿಡುಗಡೆಯವರೇ ಪ್ರಕಟಿಸುವ ಭದ್ರತಾ ಸೂಚನೆಯೊಂದಿಗೆ ಹೋಲಿಸಿದ ವರದಿಯಷ್ಟೇ ಕೆಲಸಕ್ಕೆ ಬರುತ್ತದೆ.

ಸಂಖ್ಯೆಯನ್ನು ನಂಬಿ ಬರೆದ ಪ್ರೋಗ್ರಾಂಗಳು ಲಿನಕ್ಸ್‌ನಲ್ಲೂ ಎಡವಿವೆ. 2011ರ ಜುಲೈನಲ್ಲಿ 2.6.39ರ ನಂತರ ಟೊರ್ವಾಲ್ಡ್ಸ್ 3.0 ಎಂದರು. ಒಳಗೆ ದೊಡ್ಡ ಕ್ರಾಂತಿಯೇನೂ ಆಗಿರಲಿಲ್ಲ; ಅಂಕಿ ಬೆಳೆದಿತ್ತು, ಲಿನಕ್ಸ್‌ಗೆ ಇಪ್ಪತ್ತು ವರ್ಷ ತುಂಬುತ್ತಿತ್ತು. ಅಷ್ಟಕ್ಕೇ ಹಳೆಯ ಪೈಥಾನ್ ತಾನಿರುವ ಸಿಸ್ಟಂ ‘ಲಿನಕ್ಸ್2’ ಎನ್ನುವ ಬದಲು ‘ಲಿನಕ್ಸ್3’ ಎನ್ನತೊಡಗಿ, ಅದನ್ನು ನೆಚ್ಚಿದ್ದ ತಂತ್ರಾಂಶಗಳು ಕೆಟ್ಟವು. ಮುಂದೆ ಪೈಥಾನ್ 3.3 ಆ ಅಂಕಿಯನ್ನೇ ತೆಗೆದು ‘ಲಿನಕ್ಸ್’ ಎಂದಷ್ಟೇ ಉಳಿಸಿಕೊಂಡಿತು. 2.6 ಎಂಬ ಮೊದಲಕ್ಷರಗಳಿಲ್ಲದೆ ಓಡಲೊಲ್ಲದ ಪ್ರೋಗ್ರಾಂಗಳಿಗಾಗಿ ಕರ್ನಲ್ಲಿಗೆ ಒಂದು ವಿಶೇಷ ಸವಲತ್ತು ಸೇರಿತು. ಕೋರಿಕೊಂಡ ಪ್ರೋಗ್ರಾಂಗೆ 3.0 ಎಂಬುದು 2.6.40 ಎಂದೂ, 3.1 ಎಂಬುದು 2.6.41 ಎಂದೂ ಕಾಣುತ್ತದೆ.

ಇಷ್ಟೆಲ್ಲ ಓದುವ ಜಾಣ್ಮೆ ಇದ್ದರೂ ಕರ್ನಲ್ ಸಾಲು ಏನೂ ಹೇಳಲಾರದ ಸಂದರ್ಭವೊಂದಿದೆ. ಡಾಕರ್‌ನಂಥ ಕಂಟೇನರುಗಳಲ್ಲಿ ಡೆಬಿಯನ್‌ನ ಕಡತಗಳೆಲ್ಲ ಇರುತ್ತವೆ, ಕರ್ನಲ್ ಮಾತ್ರ ಇರುವುದಿಲ್ಲ. ಹೊರಗಿನ ಯಂತ್ರದ ಕರ್ನಲ್ಲನ್ನೇ ಎಲ್ಲ ಕಂಟೇನರುಗಳೂ ಹಂಚಿಕೊಳ್ಳುತ್ತವೆ. ಡೆಬಿಯನ್ ಕಂಟೇನರಿನೊಳಗೆ ನಿಂತು ಯುನೇಮ್ ಕೇಳಿದರೆ ಹೊರಗಿರುವ ಉಬುಂಟುವಿನ ಉತ್ತರ ಬರುತ್ತದೆ. ಕರ್ನಲ್ ಹೇಳಿದ್ದು ಸರಿ. ಅದರಿಂದ ನಮಗೆ ಬೇಕಾದ ಹೆಸರು ಸಿಗಲಿಲ್ಲ, ಅಷ್ಟೇ. ಇಂದಿನ ಸರ್ವರ್‌ಗಳಲ್ಲಿ ಕಂಟೇನರುಗಳೇ ತುಂಬಿರುವಾಗ ಇದು ದಿನನಿತ್ಯದ ಮಾತು.

ಇದಕ್ಕೆ ಪರಿಹಾರವಾಗಿ ಸಿಕ್ಕಿರುವುದು ‘ಒಎಸ್-ರಿಲೀಸ್’ ಎಂಬ ಪುಟ್ಟ ಪಠ್ಯ ಕಡತ. ಮೊದಲು ರೆಡ್ ಹ್ಯಾಟ್ ಒಂದು ಹೆಸರಿನ ಕಡತದಲ್ಲಿ, ಡೆಬಿಯನ್ ಇನ್ನೊಂದರಲ್ಲಿ, ಸೂಸೆ ಮತ್ತೊಂದರಲ್ಲಿ ತಮ್ಮ ಆವೃತ್ತಿ ಬರೆದಿಡುತ್ತಿದ್ದವು. 2012ರ ಹೊತ್ತಿಗೆ ಸಿಸ್ಟಂಡಿ ಯೋಜನೆ ಎಲ್ಲರಿಗೂ ಒಂದೇ ರೂಪ ಸೂಚಿಸಿತು. ‘ಇಟಿಸಿ’ ಫೋಲ್ಡರಿನಲ್ಲಿರುವ ಈ ಕಡತ ತೆರೆದರೆ ಹೆಸರು, ಆವೃತ್ತಿ, ಬಿಡುಗಡೆಯ ಅಡ್ಡಹೆಸರು ಬೇರೆ ಬೇರೆ ಸಾಲುಗಳಲ್ಲಿ ಸಿಗುತ್ತವೆ. ಪಾಸಿಕ್ಸ್‌ನ ಐದು ಅಂಕಣಗಳಲ್ಲಿ ಇಲ್ಲದ ಆರನೆಯ ಅಂಕಣ ಇದೇ. ಕಂಟೇನರಿನೊಳಗೆ ಕಂಟೇನರಿನ ಹೆಸರನ್ನೇ ಹೇಳುವ ಕಡತ ಇದು.

ಹಾಗೆಂದು ಕರ್ನಲ್ ಸಾಲು ಓದುವ ವಿದ್ಯೆ ಹಳತಾಯಿತೆನ್ನುವಂತಿಲ್ಲ. ಕಡತ ತೆರೆಯಲು ಯಂತ್ರದೊಳಗೆ ಪ್ರವೇಶ ಬೇಕು. ಜಾಲದ ಹೊರಗೆ ನಿಂತವರಿಗೆ ಕಾಣುವುದು ಕರ್ನಲ್ಲಿನ ನಡವಳಿಕೆ ಮಾತ್ರ. ಲಿನಕ್ಸ್ ಮತ್ತು ಮ್ಯಾಕ್ ತಾವು ಕಳಿಸುವ ಪ್ಯಾಕೆಟ್ಟಿನ ಆಯುಷ್ಯವನ್ನು ಸಾಮಾನ್ಯವಾಗಿ 64 ಎಂದಿಟ್ಟರೆ ವಿಂಡೋಸ್ 128 ಎಂದಿಡುತ್ತದೆ. ಇಂಥ ಹತ್ತಾರು ಲಕ್ಷಣಗಳನ್ನು ಕೂಡಿಸಿ ಎನ್‌ಮ್ಯಾಪ್ ಎಂಬ ಉಪಕರಣ 1998ರಿಂದಲೂ ದೂರದ ಯಂತ್ರದ ಸಿಸ್ಟಂ ಊಹಿಸುತ್ತಿದೆ. ಅದು ಸಾಮಾನ್ಯವಾಗಿ ಕೊಡುವುದು ಕರ್ನಲ್ ಸಂಖ್ಯೆಗಳ ಒಂದು ವ್ಯಾಪ್ತಿ. ಹೆಸರನ್ನು ನಾವು ಊಹಿಸಿಕೊಳ್ಳಬೇಕು. ತನಿಖೆಯಲ್ಲಿ ಇನ್ನೊಂದು ಬಗೆಯ ಅಗತ್ಯ. ಓಡುತ್ತಿರುವ ಕಂಪ್ಯೂಟರಿನ ಮೆಮೊರಿಯನ್ನು ಇಡಿಯಾಗಿ ನಕಲು ಮಾಡಿ ತಂದಾಗ ಅದು ಬೈಟುಗಳ ರಾಶಿ. ಆ ರಾಶಿಯಲ್ಲಿ ಯಾವ ಪ್ರೋಗ್ರಾಂಗಳು ಓಡುತ್ತಿದ್ದವು, ಯಾರೊಂದಿಗೆ ಸಂಪರ್ಕವಿತ್ತು ಎಂದು ಬಿಡಿಸಿ ನೋಡಲು ವೊಲಟಿಲಿಟಿ ಎಂಬ ಉಪಕರಣಕ್ಕೆ ಆ ಕರ್ನಲ್ಲಿನ ಒಳರಚನೆಯ ನಕ್ಷೆ ಬೇಕು, ಅದೂ ಅದೇ ಬಿಲ್ಡ್‌ನದ್ದು, ಹತ್ತಿರದ್ದು ಸಾಲದು. ಆಗ ತಜ್ಞರು ಮೊದಲು ಹುಡುಕುವುದು ‘ಲಿನಕ್ಸ್ ವರ್ಷನ್’ ಎಂದು ಆರಂಭವಾಗುವ ಆ ಉದ್ದ ಸಾಲನ್ನು. #46ಕ್ಕೂ #46~18.04.1ಕ್ಕೂ ಇರುವ ವ್ಯತ್ಯಾಸ ಅಲ್ಲಿ ತನಿಖೆ ಮುಂದುವರಿಯುತ್ತದೋ ನಿಲ್ಲುತ್ತದೋ ಎಂಬುದನ್ನು ನಿರ್ಧರಿಸುತ್ತದೆ.

ನಿಮ್ಮ ಶಾಲೆ, ಬ್ಯಾಂಕು, ಕಚೇರಿಯ ಮೂಲೆಯಲ್ಲಿ ವರ್ಷಗಳಿಂದ ಯಾರೂ ಮುಟ್ಟದ ಲಿನಕ್ಸ್ ಸರ್ವರ್ ಒಂದು ಇದ್ದೇ ಇರುತ್ತದೆ. ಅದರ ಯುನೇಮ್ ಸಾಲನ್ನು ಪೂರ್ತಿಯಾಗಿ ಓದಿ, ಒಎಸ್-ರಿಲೀಸ್ ಕಡತದೊಂದಿಗೆ ತಾಳೆ ನೋಡಿ, ಎರಡನ್ನೂ ಬರೆದಿಡಿ. ಆ ಸಾಲಿನಲ್ಲಿ ‘ಇಎಲ್7’ ಎಂದಿದ್ದರೆ, ಸೆಂಟ್‌ಒಎಸ್ 7ಕ್ಕೂ ರೆಡ್ ಹ್ಯಾಟ್ 7ರ ಸಾಮಾನ್ಯ ಬೆಂಬಲಕ್ಕೂ 2024ರ ಜೂನ್ 30 ಕೊನೆಯ ದಿನವಾಗಿತ್ತು. ಹೊಸ ಬಿಡುಗಡೆಗೆ ಸಾಗಿಸುವ ಕೆಲಸವನ್ನು ದಯವಿಟ್ಟು ಮುಂದೂಡಬೇಡಿ.